ಚೌಕಟ್ಟಿಗೆ ತಾಗಿ ಮರಳುವ ಕಾಯಿ: ಕೇರಂ ಆಟದ ಕಠಿಣ ರಿಬೌಂಡ್ ಹೊಡೆತಗಳ ಅಭ್ಯಾಸಕ್ರಮ

ಕೇರಂ ಆಟದಲ್ಲಿ ತಕ್ಕಮಟ್ಟಿಗೆ ಕೈ ಪಳಗಿದವರೆಲ್ಲರೂ ಎದುರಿಸಲೇಬೇಕಾದ ಒಂದು ಸಂಕಟವುಂಟು. ನೇರ ಹೊಡೆತಗಳಿಂದಲೂ ನವಿರಾದ ಕಟ್‌ಗಳಿಂದಲೂ ಎಂಟು ಕಾಯಿಗಳನ್ನು ಸರಾಗವಾಗಿ ಪಾಕೆಟ್ಟಿಗಿಳಿಸಿ, ರಾಣಿಯನ್ನೂ ಕವರ್ ಮಾಡಿ, ಬೋರ್ಡು ತಮ್ಮದಾಯಿತೆಂದು ಭಾವಿಸುವಷ್ಟರಲ್ಲಿ, ಉಳಿದ ಒಂಬತ್ತನೆಯ ಕಾಯಿಯು ತಮ್ಮ ಗೆರೆಯ ಹಿಂದೆ ಹೋಗಿ ನಿಂತುಬಿಡುತ್ತದೆ. ಇಲ್ಲವೆ ಎದುರಾಳಿಯ ಕಾಯಿಗಳೆರಡು ನಡುವೆ ಅಡ್ಡಲಾಗಿ ನಿಂತು ನೇರದಾರಿಯನ್ನು ಸಂಪೂರ್ಣವಾಗಿ ಮುಚ್ಚುತ್ತವೆ. ಆಗ ಉಳಿಯುವುದು ಚೌಕಟ್ಟೊಂದೇ. ಬಹುಪಾಲು ಆಟಗಾರರು ಈ ಘಟ್ಟದಲ್ಲಿ ಲೆಕ್ಕಾಚಾರವನ್ನೆಲ್ಲ ಬದಿಗಿರಿಸಿ, ಬೆರಳಿನ ಬಲವನ್ನೆಲ್ಲ ಪ್ರಯೋಗಿಸಿ, ಎಲ್ಲಿಯಾದರೂ ತಾಗಿ ಎಲ್ಲಿಗಾದರೂ ಬಂದೀತೆಂಬ ನಿರೀಕ್ಷೆಯಿಂದ ಹೊಡೆಯುತ್ತಾರೆ. ಕಾಯಿ ಬಿದ್ದರೆ ಅದೃಷ್ಟವನ್ನು ಹೊಗಳುತ್ತಾರೆ, ಬೀಳದಿದ್ದರೆ ಹಲಗೆಯನ್ನು ಹಳಿಯುತ್ತಾರೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ಬೀದಿಗಳಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಕೇರಂ ಆಡಬಲ್ಲ ತರುಣರಿಗೆ ಕೊರತೆಯಿಲ್ಲ. ನೇರ ಹೊಡೆತದಲ್ಲಿ ಅವರ ಕೈಚಳಕ ಪ್ರಶಂಸಾರ್ಹವಾದುದು. ಆದರೆ ರಿಬೌಂಡನ್ನು ಕ್ರಮವಾಗಿ ಕಲಿತವರು ವಿರಳ. ಏಕೆಂದರೆ ಅದನ್ನು ಕಲಿಯಬಹುದಾದ ವಿದ್ಯೆಯೆಂದು ನಂಬಿದವರೇ ವಿರಳ. ಅದು ಕಲಿಯತಕ್ಕ ವಿದ್ಯೆಯೇ ಹೌದೆಂದೂ, ಅದರ ಲೆಕ್ಕವು ಚೌಕಟ್ಟಿನ ಅಂಚಿನಿಂದಲ್ಲ, ಕಾಯಿಯ ಕೇಂದ್ರದಿಂದ ಆರಂಭವಾಗತಕ್ಕದ್ದೆಂದೂ ತೋರಿಸಿಕೊಡುವುದು ಈ ಲೇಖನದ ಉದ್ದೇಶ.

ಕೇರಂ ನಮ್ಮ ದೇಶದ ಆಟ. ಅಂತಾರಾಷ್ಟ್ರೀಯ ಕೇರಂ ಒಕ್ಕೂಟವು ಸ್ಥಾಪಿತವಾದದ್ದು 1988ರಲ್ಲಿ, ನೆರೆಯ ಚೆನ್ನೈ ನಗರದಲ್ಲಿ; ಆ ನಗರದವರೇ ಆದ ಮರಿಯಾ ಇರುದಯಂ ಎರಡು ಬಾರಿ ವಿಶ್ವವಿಜೇತರಾಗಿ, 1996ರ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಇತಿಹಾಸದ ಮಾತು ಇಲ್ಲಿಗೆ ಸಾಕು; ಇನ್ನು ಹಲಗೆಯ ಕಡೆಗೆ ತಿರುಗೋಣ.

ಏಕೆ ಮರಳುತ್ತದೆ, ಎತ್ತ ಮರಳುತ್ತದೆ

ಬೆಳಕಿನ ಕಿರಣವು ಕನ್ನಡಿಗೆ ಯಾವ ಕೋನದಲ್ಲಿ ಬಿದ್ದಿತೋ ಅದೇ ಕೋನದಲ್ಲಿ ಪ್ರತಿಫಲಿಸುವುದೆಂಬುದನ್ನು ನೀವೆಲ್ಲರೂ ಶಾಲೆಯಲ್ಲಿ ಓದಿರುವಿರಿ. ಚೌಕಟ್ಟಿಗೆ ತಾಗಿದ ಕಾಯಿಯೂ ಸ್ಥೂಲವಾಗಿ ಇದೇ ನಿಯಮವನ್ನು ಅನುಸರಿಸುತ್ತದೆ. ಹೀಗಿರಲಾಗಿ, ಎದುರಿನ ಚೌಕಟ್ಟಿಗೆ ತಾಗಿಸಿ ಕಾಯಿಯನ್ನು ನಿಮ್ಮ ಎಡಗೈ ಕಡೆಯ ಪಾಕೆಟ್ಟಿಗೆ ತರಬೇಕೆಂದಿದ್ದರೆ, ಎದುರಿನ ಚೌಕಟ್ಟನ್ನು ಕನ್ನಡಿಯೆಂದು ಭಾವಿಸಿ, ಅದರ ಆಚೆಗೆ ಅಷ್ಟೇ ದೂರದಲ್ಲಿ ಆ ಪಾಕೆಟ್ಟಿನ ಪ್ರತಿಬಿಂಬವನ್ನು ಕಲ್ಪಿಸಿಕೊಂಡು, ಆ ಪ್ರತಿಬಿಂಬದ ಕಡೆಗೆ ಕಾಯಿಯನ್ನು ನೇರವಾಗಿ ಕಳುಹಿಸಿದರೆ ಸಾಕು; ಉಳಿದ ಕಾರ್ಯವನ್ನು ಚೌಕಟ್ಟೇ ನೆರವೇರಿಸುತ್ತದೆ.

ಇಷ್ಟನ್ನು ಬಲ್ಲವರೂ ತಪ್ಪುವುದು ಒಂದು ಸೂಕ್ಷ್ಮದಲ್ಲಿ. ಕಾಯಿಯು ಬಿಂದುವಲ್ಲ, ಅದೊಂದು ಬಿಲ್ಲೆ. ಅದರ ಅಂಚು ಚೌಕಟ್ಟನ್ನು ಮುಟ್ಟಿದಾಗ ಅದರ ಕೇಂದ್ರವು ಇನ್ನೂ ಅರ್ಧ ಕಾಯಿಯಷ್ಟು ಈಚೆಗೇ ಇರುತ್ತದೆ, ಅಲ್ಲಿಂದಲೇ ತಿರುಗಿ ಹೊರಡುತ್ತದೆ. ನಿಯಮಬದ್ಧವಾದ ಕಾಯಿಯ ವ್ಯಾಸ 3.02ರಿಂದ 3.18 ಸೆಂ.ಮೀ. ವರೆಗೆ ಇರುವುದರಿಂದ, ಕಾಯಿಯ ಪಾಲಿಗೆ ಕನ್ನಡಿಯು ಚೌಕಟ್ಟಿನ ಅಂಚಿನಲ್ಲಿರದೆ, ಅಲ್ಲಿಂದ ಸುಮಾರು ಒಂದೂವರೆ ಸೆಂ.ಮೀ. ಒಳಗೆ, ಕಣ್ಣಿಗೆ ಕಾಣದ ಒಂದು ರೇಖೆಯಾಗಿ ನಾಲ್ಕು ಕಡೆಗೂ ಓಡುತ್ತದೆ. ಸ್ಟ್ರೈಕರಿನ ಗರಿಷ್ಠ ವ್ಯಾಸ 4.13 ಸೆಂ.ಮೀ. ಆದ್ದರಿಂದ ಅದರ ಕನ್ನಡಿರೇಖೆ ಇನ್ನೂ ಒಳಗೆ, ಸುಮಾರು ಎರಡು ಸೆಂ.ಮೀ. ದೂರದಲ್ಲಿರುತ್ತದೆ. ಈ ರೇಖೆಯನ್ನು ಕಣ್ಣಿನ ಮುಂದೆ ನಿಲ್ಲಿಸಿಕೊಳ್ಳುವ ಅಭ್ಯಾಸವೇ ರಿಬೌಂಡ್ ವಿದ್ಯೆಯ ಅರ್ಧಭಾಗವೆಂದು ನಾನು ದೃಢವಾಗಿ ನಂಬುತ್ತೇನೆ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಬಿಲಿಯರ್ಡ್ಸ್ ಅಥವಾ ಪೂಲ್ ಆಟದ ಚೆಂಡು ಉರುಳುತ್ತದೆ. ಕೇರಂ ಕಾಯಿ ಜಾರುತ್ತದೆ. ಉರುಳುವ ಚೆಂಡು ಚೌಕಟ್ಟಿಗೆ ತಾಗಿದ ಮೇಲೂ ತನ್ನ ಉರುಳುವಿಕೆಯನ್ನು ಸ್ವಲ್ಪ ಉಳಿಸಿಕೊಂಡು ದಾರಿಯನ್ನು ಬಾಗಿಸಿಕೊಳ್ಳುತ್ತದೆ. ಜಾರುವ ಬಿಲ್ಲೆಗೆ ಆ ಉಪದ್ರವವಿಲ್ಲದಿರುವುದರಿಂದ ಅದು ಹೋಗುವಾಗಲೂ ಮರಳುವಾಗಲೂ ಸರಳರೇಖೆಯಲ್ಲಿಯೇ ಸಾಗುತ್ತದೆ. ಆದಕಾರಣ ಕನ್ನಡಿಯ ಲೆಕ್ಕವು ಬಟ್ಟೆ ಹೊದಿಸಿದ ಮೇಜಿಗಿಂತ ನಮ್ಮ ಹಲಗೆಗೇ ಹೆಚ್ಚು ಒಪ್ಪುತ್ತದೆ.

ಹೊಡೆಯುವ ಮುನ್ನ ಹಲಗೆಯನ್ನು ಅರಿಯಿರಿ

ನಿಯಮವು ಎಲ್ಲ ಹಲಗೆಗಳಿಗೂ ಒಂದೇ ಆದರೂ ಚೌಕಟ್ಟುಗಳು ಒಂದೇ ತೆರನಲ್ಲ. ತಾಗುವಿಕೆಯಲ್ಲಿ ಎರಡು ಪರಸ್ಪರ ವಿರುದ್ಧ ಪರಿಣಾಮಗಳು ಏಕಕಾಲದಲ್ಲಿ ಉಂಟಾಗುತ್ತವೆ: ಚೌಕಟ್ಟಿಗೆ ಲಂಬವಾಗಿರುವ ವೇಗದ ಒಂದಂಶವು ಮರದಲ್ಲಿ ಲಯವಾಗುವುದರಿಂದ ಕಾಯಿಯು ಚೌಕಟ್ಟಿನ ಮಗ್ಗುಲಿಗೆ ವಾಲಿ ಅಗಲವಾಗಿ ಹೋಗಲೆಳಸುತ್ತದೆ; ಚೌಕಟ್ಟಿನ ಉದ್ದಕ್ಕಿರುವ ವೇಗವನ್ನು ಘರ್ಷಣೆಯು ಕುಂದಿಸುವುದರಿಂದ ಅದು ಕಿರಿದಾದ ಕೋನದಲ್ಲಿ ಮರಳಲೆಳಸುತ್ತದೆ. ಒಳ್ಳೆಯ ಗಟ್ಟಿಮರದ, ನಯವಾದ ಚೌಕಟ್ಟಿನಲ್ಲಿ ಇವೆರಡೂ ಬಹುಮಟ್ಟಿಗೆ ಸರಿದೂಗಿ ಕನ್ನಡಿಯ ನಿಯಮವೇ ಉಳಿಯುತ್ತದೆ. ಅಗ್ಗದ ಹಲಗೆಯಲ್ಲಿ ಯಾವುದಾದರೊಂದು ಮೇಲುಗೈ ಪಡೆಯುತ್ತದೆ. ನಿಮ್ಮ ಹಲಗೆ ಯಾವ ಪಕ್ಷದ್ದೆಂಬುದನ್ನು ಕೆಳಗಿನ ಪರೀಕ್ಷೆಯಿಂದ ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು.

1. ಹಲಗೆಯನ್ನು ಒಣಬಟ್ಟೆಯಿಂದ ಒರೆಸಿ, ಸಮತಟ್ಟಾದ ಸ್ಥಳದಲ್ಲಿರಿಸಿ, ಬೋರಿಕ್ ಪೌಡರನ್ನು ತೆಳುವಾಗಿ ಹರಡಿ. ಚೌಕಟ್ಟಿನ ಒಳಬದಿಯನ್ನು ಬೇರೆ ಬಟ್ಟೆಯಿಂದ ಒರೆಸತಕ್ಕದ್ದು; ಮೂಲೆಮೂಲೆಗಳಲ್ಲಿ ಸಂಚಯವಾದ ಪುಡಿ ಕೋನವನ್ನು ಕೆಡಿಸುತ್ತದೆ.

2. ಸ್ಟ್ರೈಕರನ್ನು ಗೆರೆಯ ನಡುವೆ ಇರಿಸಿ ಎದುರಿನ ಚೌಕಟ್ಟಿನ ನಡುವಿಗೆ ನೇರವಾಗಿ ಹೊಡೆಯಿರಿ. ಅದು ಹೋದ ದಾರಿಯಲ್ಲಿಯೇ ಮರಳಬೇಕು. ಪ್ರತಿಬಾರಿಯೂ ಒಂದೇ ಕಡೆಗೆ ವಾಲಿದರೆ ಒಂದೋ ನಿಮ್ಮ ಬೆರಳು ಸ್ಟ್ರೈಕರಿನ ಮಧ್ಯಕ್ಕೆ ತಾಗದೆ ಅದನ್ನು ತಿರುಗಿಸುತ್ತಿದೆ, ಇಲ್ಲವೆ ಚೌಕಟ್ಟೇ ಸೊಟ್ಟಗಿದೆ. ಬೇರೊಬ್ಬರಿಂದ ಅದೇ ಹೊಡೆತವನ್ನು ಹೊಡೆಸಿ ನೋಡಿದರೆ ದೋಷವು ಯಾರದೆಂಬುದು ನಿಶ್ಚಯವಾಗುತ್ತದೆ.

3. ನಿಮ್ಮ ಗೆರೆಯ ಬಲತುದಿಯ ಕೆಂಪು ವೃತ್ತದ ಮೇಲೆ ಒಂದು ಕಾಯಿಯನ್ನಿರಿಸಿ, ಸ್ಟ್ರೈಕರನ್ನು ಎಡತುದಿಯ ವೃತ್ತದಿಂದ ಎದುರಿನ ಚೌಕಟ್ಟಿನ ಸರಿಯಾದ ಮಧ್ಯಕ್ಕೆ ಹೊಡೆಯಿರಿ. ಎರಡು ವೃತ್ತಗಳೂ ಎದುರಿನ ಚೌಕಟ್ಟಿನಿಂದ ಸಮಾನ ದೂರದಲ್ಲಿರುವುದರಿಂದ, ಹಲಗೆ ನಿರ್ದುಷ್ಟವಾಗಿದ್ದರೆ ಸ್ಟ್ರೈಕರ್ ಆ ಕಾಯಿಯನ್ನು ನಡುವಿಗೇ ಹೊಡೆಯಬೇಕು. ಕಾಯಿಯ ಎಡಕ್ಕೆ ಬಂದರೆ ಹಲಗೆ ಕಿರಿದಾಗಿ ಮರಳಿಸುತ್ತದೆ. ಬಲಕ್ಕೆ ಹೋದರೆ ಅಗಲವಾಗಿ ಮರಳಿಸುತ್ತದೆ.

4. ಇದನ್ನೇ ಮೆಲ್ಲಗೆ, ಮಧ್ಯಮವಾಗಿ, ಬಲವಾಗಿ, ಹೀಗೆ ಮೂರು ವೇಗಗಳಲ್ಲಿ ಹತ್ತು ಹತ್ತು ಬಾರಿ ಹೊಡೆದು, ಎಷ್ಟು ಬೆರಳಗಲ ತಪ್ಪಿತೆಂಬುದನ್ನು ನೆನಪಿನಲ್ಲಿಡಿ. ಆ ಹಲಗೆಯ ಮೇಲೆ ಆಡುವಷ್ಟು ದಿನವೂ ಈ ಅಂಕಿಗಳು ನಿಮಗೆ ಉಪಕಾರಿಯಾಗುತ್ತವೆ.

ಹಲಗೆಯಷ್ಟೇ ಕಾಯಿಯೂ ಮುಖ್ಯ. ಅಂಚಿನಲ್ಲಿ ಚಕ್ಕೆಯೆದ್ದ ಕಾಯಿ ನೇರ ಹೊಡೆತದಲ್ಲಿ ಹೇಗೋ ಸಾಗಿಬಿಡುತ್ತದೆ; ಆದರೆ ಚೌಕಟ್ಟಿಗೆ ತಾಗುವ ಬಿಂದುವಿನಲ್ಲಿಯೇ ಆ ಚಕ್ಕೆ ಬಂದರೆ ಯಾವ ಲೆಕ್ಕವೂ ನಿಲ್ಲದು. ರಾಮನಗರದ ಸುತ್ತಿನ ಮನೆಗಳಲ್ಲಿ ನುಣುಪುಗೊಳಿಸಿದ ಕಲ್ಲಿನ ಚಪ್ಪಡಿಗೇನೂ ಬರವಿಲ್ಲ. ಅದರ ಮೇಲೆ ಕಾಯಿಯನ್ನಿರಿಸಿ ಬೆರಳಿನಿಂದ ಒತ್ತಿದಾಗ ಅಲುಗಾಡಿದರೆ ಅದರ ತಳ ಸಮವಾಗಿಲ್ಲ. ಅಂಚಿನ ಮೇಲೆ ನಿಲ್ಲಿಸಿ ಉರುಳಿಸಿದಾಗ ತಡೆತಡೆದು ಸಾಗಿದರೆ ಅದರ ವೃತ್ತ ಕೆಟ್ಟಿದೆ. ಚನ್ನಪಟ್ಟಣದ ಓದುಗರಿಗಂತೂ ಈ ಪರೀಕ್ಷೆಯನ್ನು ನಾನು ವಿವರಿಸಬೇಕಾಗಿಯೇ ಇಲ್ಲ: ಹಾಲೆಮರವನ್ನು ಲೇತಿಗೇರಿಸಿ ಕಡೆದು, ತಿರುಗುತ್ತಿರುವಂತೆಯೇ ಅರಗಿನ ಬಣ್ಣವನ್ನು ಲೇಪಿಸಿ, ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ಆ ಗೊಂಬೆಗಳನ್ನು ನಿರ್ಮಿಸುವ ಕುಶಲಿಗಳ ನೆರೆಯಲ್ಲಿ ಬಾಳುವವರು, ಕಡೆದ ಮರದ ದುಂಡು ಎಂತಹುದಿರಬೇಕೆಂಬುದನ್ನು ಅವರಿಂದಲೇ ಕೇಳಿ ತಿಳಿಯುವುದು ಉತ್ತಮ.

ಎದುರಿನ ಚೌಕಟ್ಟಿನ ಡಬಲ್: ಒಂದು ಲೆಕ್ಕ

ಕಾಯಿಯನ್ನೇ ಎದುರಿನ ಚೌಕಟ್ಟಿಗೆ ತಾಗಿಸಿ ನಿಮ್ಮ ಕಡೆಯ ಪಾಕೆಟ್ಟಿಗೆ ತರುವ ಹೊಡೆತವನ್ನು ಡಬಲ್ ಎನ್ನುವುದು ವಾಡಿಕೆ. ಇದರ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ.

ಪ್ರಮಾಣಬದ್ಧ ಹಲಗೆಯ ಆಟದ ಅಂಗಳ 74 ಸೆಂ.ಮೀ. ಚೌಕ. ನಿಮ್ಮ ಕಾಯಿಯು ಎಡಬಲಗಳ ಸರಿನಡುವೆ, ಎದುರಿನ ಚೌಕಟ್ಟಿನಿಂದ 22 ಸೆಂ.ಮೀ. ಈಚೆಗೆ ಇದೆಯೆನ್ನಿ. ಕನ್ನಡಿರೇಖೆಯು ಒಂದೂವರೆ ಸೆಂ.ಮೀ. ಒಳಗಿರುವುದರಿಂದ ಕಾಯಿಗೂ ಆ ರೇಖೆಗೂ ನಡುವಣ ದೂರ ಸುಮಾರು 20 ಸೆಂ.ಮೀ. ಆಯಿತು. ನಿಮ್ಮ ಎಡಗಡೆಯ ಪಾಕೆಟ್ಟಿನ ನಡುವಿಗೂ ಆ ರೇಖೆಗೂ ನಡುವಣ ದೂರ ಸುಮಾರು 70 ಸೆಂ.ಮೀ. ಅಂದರೆ ಪ್ರಮಾಣವು ಎರಡಕ್ಕೆ ಏಳು. ಕಾಯಿಗೂ ಪಾಕೆಟ್ಟಿಗೂ ನಡುವಣ ಅಡ್ಡದೂರ ಸುಮಾರು 35 ಸೆಂ.ಮೀ. ಇದನ್ನು ಎರಡು ಕೂಡಿಸು ಏಳು, ಅಂದರೆ ಒಂಬತ್ತು ಪಾಲು ಮಾಡಿ, ಎರಡು ಪಾಲನ್ನು ತೆಗೆದುಕೊಂಡರೆ 8 ಸೆಂ.ಮೀ.ಗೆ ತುಸು ಕಡಿಮೆಯಾಗುತ್ತದೆ. ಕಾಯಿಯ ನೇರದಿಂದ ಅಷ್ಟು ಎಡಕ್ಕೆ ಕನ್ನಡಿರೇಖೆಯನ್ನು ಮುಟ್ಟಿದ ಕಾಯಿ ನಿಮ್ಮ ಎಡಪಾಕೆಟ್ಟಿನ ದಾರಿಯನ್ನು ಹಿಡಿಯುತ್ತದೆ.

ಇದೇ ಲೆಕ್ಕವನ್ನು ಕನ್ನಡಿರೇಖೆಯಿಂದಲ್ಲದೆ ಚೌಕಟ್ಟಿನ ಅಂಚಿನಿಂದ ಮಾಡಿದ್ದರೆ ಕಾಯಿಯು ಪಾಕೆಟ್ಟಿನ ನಡುವಿಗೆ ಬಾರದೆ, ಒಂದು ಸೆಂ.ಮೀ.ಗೂ ಹೆಚ್ಚು ಬಲಕ್ಕೆ ಬರುತ್ತಿತ್ತು. ಪಾಕೆಟ್ಟಿನ ವ್ಯಾಸ 4.45 ಸೆಂ.ಮೀ. ಮಾತ್ರ, ಅಷ್ಟರಲ್ಲಿ ಒಂದು ಸೆಂ.ಮೀ.ಯನ್ನು ಲೆಕ್ಕದ ತಪ್ಪೇ ಕಬಳಿಸಿದರೆ ಬೆರಳಿನ ತಪ್ಪಿಗೆ ಉಳಿಯುವ ಅವಕಾಶ ಅತ್ಯಲ್ಪ.

ಆಟದ ನಡುವೆ ಅಳತೆಪಟ್ಟಿಯನ್ನು ಹಿಡಿಯಲಾಗದೆಂಬ ಆಕ್ಷೇಪಣೆಗೆ ಉತ್ತರವುಂಟು. ಕಾಯಿಯನ್ನೇ ಅಳತೆಗೋಲಾಗಿ ಮಾಡಿಕೊಳ್ಳಿರಿ. ಹಲಗೆಯ ಅಗಲವು ಒಂದರ ಪಕ್ಕ ಒಂದಾಗಿ ಜೋಡಿಸಿದ ಸುಮಾರು 24 ಕಾಯಿಗಳಷ್ಟು. ಮೇಲಿನ ಉದಾಹರಣೆಯ 8 ಸೆಂ.ಮೀ. ಎಂದರೆ ಎರಡೂವರೆ ಕಾಯಿಗಳಷ್ಟು. ಬಿಡುವಿನ ವೇಳೆಯಲ್ಲಿ ಕಾಯಿಗಳನ್ನು ಸಾಲಾಗಿ ಜೋಡಿಸಿ ಕಣ್ಣನ್ನು ಪಳಗಿಸಿದರೆ, ಆಟದಲ್ಲಿ ಈ ದೂರಗಳು ತಾವಾಗಿಯೇ ಗೋಚರಿಸತೊಡಗುತ್ತವೆ.

ಇನ್ನು ಸ್ಟ್ರೈಕರನ್ನು ಎಲ್ಲಿಂದ ಹೊಡೆಯಬೇಕು? ಇಲ್ಲಿ ಕೇರಂ ಆಟಗಾರನಿಗೆ ಪೂಲ್ ಆಟಗಾರನಿಗಿಲ್ಲದ ಒಂದು ಮಹಾಸೌಲಭ್ಯವಿದೆ: ಹೊಡೆಯುವ ಸ್ಥಳವನ್ನು ಗೆರೆಯ ಉದ್ದಕ್ಕೂ ತಾನೇ ಆರಿಸಿಕೊಳ್ಳಬಹುದು. ತಾಗುವ ಬಿಂದುವಿನಿಂದ ಕಾಯಿಯ ಕೇಂದ್ರದ ಮೂಲಕ ಒಂದು ರೇಖೆಯನ್ನು ನಿಮ್ಮ ಕಡೆಗೆ ಎಳೆದುಕೊಂಡು, ಅದು ಗೆರೆಯನ್ನು ಎಲ್ಲಿ ಮುಟ್ಟುವುದೋ ಅಲ್ಲಿ ಸ್ಟ್ರೈಕರನ್ನಿರಿಸಿದರೆ ಕಾಯಿಗೆ ಪೂರ್ಣವಾಗಿ, ನಡುಮಧ್ಯಕ್ಕೆ ಹೊಡೆಯಬಹುದು. ನಮ್ಮ ಉದಾಹರಣೆಯಲ್ಲಿ ಆ ಸ್ಥಳವು ಗೆರೆಯ ಮಧ್ಯದಿಂದ ಸುಮಾರು 15 ಸೆಂ.ಮೀ. ಬಲಕ್ಕೆ ಬರುತ್ತದೆ. ಕಟ್ ಮಾಡುವುದಕ್ಕಿಂತ ಪೂರ್ಣವಾಗಿ ಹೊಡೆಯುವಾಗ ಬೆರಳಿನ ಸಣ್ಣ ತಪ್ಪು ಕಡಿಮೆ ಹಿಗ್ಗುತ್ತದೆ. ಆದ್ದರಿಂದ ಅವಕಾಶವಿರುವಲ್ಲೆಲ್ಲ ಪೂರ್ಣ ಹೊಡೆತವನ್ನೇ ಆರಿಸಿಕೊಳ್ಳುವುದು ಕ್ಷೇಮ.

ಆದರೆ ಒಂದು ಸಂದರ್ಭದಲ್ಲಿ ಪೂರ್ಣ ಹೊಡೆತವೇ ಅಪಾಯಕಾರಿ. ಪೂಲ್ ಆಟದ ಚೆಂಡುಗಳೆಲ್ಲವೂ ಸರಿಸುಮಾರು ಸಮತೂಕದವಾದ್ದರಿಂದ, ಜಾರುತ್ತ ಹೋಗಿ ಪೂರ್ಣವಾಗಿ ಹೊಡೆದ ಚೆಂಡು ಅಲ್ಲಿಯೇ ನಿಲ್ಲುತ್ತದೆ. ನಮ್ಮ ಸ್ಟ್ರೈಕರ್ ಹಾಗಲ್ಲ. ಅದರ ತೂಕ 15 ಗ್ರಾಂ ವರೆಗೆ ಇರಬಹುದು; ಕಾಯಿಯದು 5ರಿಂದ 5.5 ಗ್ರಾಂ ಮಾತ್ರ. ಸುಮಾರು ಮೂರು ಪಟ್ಟು ಭಾರವಾದ ಸ್ಟ್ರೈಕರ್, ಕಾಯಿಗೆ ಪೂರ್ಣವಾಗಿ ಹೊಡೆದ ಮೇಲೂ ತನ್ನ ವೇಗದ ಹೆಚ್ಚುಕಡಿಮೆ ಅರ್ಧವನ್ನು ಉಳಿಸಿಕೊಂಡು ಕಾಯಿಯ ಬೆನ್ನುಹತ್ತಿಯೇ ಸಾಗುತ್ತದೆ. ಕಾಯಿಯು ಓರೆಯಾಗಿ ಹೋಗಿ ಓರೆಯಾಗಿ ಮರಳುವಾಗ ಎರಡರ ದಾರಿಯೂ ಬೇರೆಯಾಗುವುದರಿಂದ ತೊಂದರೆಯಿಲ್ಲ. ಆದರೆ ಕಾಯಿ ಎಡ ಚೌಕಟ್ಟಿನ ಸಮೀಪದಲ್ಲಿಯೇ ಇದ್ದು, ಅದನ್ನು ಎದುರಿಗೆ ತಾಗಿಸಿ ಎಡಪಾಕೆಟ್ಟಿಗೇ ಇಳಿಸಬೇಕಾದಾಗ, ಅದು ಬಹುತೇಕ ನೇರವಾಗಿ ಹೋಗಿ ನೇರವಾಗಿಯೇ ಮರಳುತ್ತದೆ. ದಾರಿಯಲ್ಲಿ ಸ್ಟ್ರೈಕರಿಗೆ ಢಿಕ್ಕಿಯಾಗಿ ಹೊಡೆತವೆಲ್ಲ ವ್ಯರ್ಥವಾಗುತ್ತದೆ. ಇಂತಹ ಸ್ಥಿತಿಯಲ್ಲಿ ಸ್ಟ್ರೈಕರನ್ನು ಗೆರೆಯ ದೂರದ ತುದಿಯಲ್ಲಿರಿಸಿ, ಕಾಯಿಯನ್ನು ಓರೆಯಾಗಿ ಕಟ್ ಮಾಡಿ, ಸ್ಟ್ರೈಕರ್ ಮಗ್ಗುಲಿಗೆ ಸರಿದುಹೋಗುವಂತೆ ಮಾಡತಕ್ಕದ್ದು. ಡಬಲ್ ಹೊಡೆತಗಳು ಕಾರಣ ತಿಳಿಯದೆ ಕೆಡುವುದು ಬಹುಮಟ್ಟಿಗೆ ಈ ಢಿಕ್ಕಿಯಿಂದಲೇ.

ಪಕ್ಕದ ಚೌಕಟ್ಟಿಗೆ ತಾಗಿಸುವ ಡಬಲ್‌ಗೂ ಇದೇ ಪ್ರಮಾಣದ ಲೆಕ್ಕ ಸಲ್ಲುತ್ತದೆ. ಬೇರೆ ವಿವರಣೆ ಅನಾವಶ್ಯಕ.

ಗೆರೆಯ ಹಿಂದಿನ ಕಾಯಿ

ನಮ್ಮ ಊರುಗಳ ಮನೆಯಾಟಗಳಲ್ಲಿ ಗೆರೆಯ ಹಿಂದಿರುವ ಕಾಯಿಗೆ ಸ್ಟ್ರೈಕರಿನಿಂದ ನೇರವಾಗಿ ಹೊಡೆಯಲಾಗದೆಂಬ ಕಟ್ಟಳೆ ರೂಢಿಯಲ್ಲಿದೆ. ಪಂದ್ಯಾವಳಿಗಳಲ್ಲಿ ಆಡುವವರು ಅಲ್ಲಿನ ನಿಯಮವನ್ನು ತೀರ್ಪುಗಾರರಿಂದ ಮೊದಲೇ ತಿಳಿದುಕೊಳ್ಳತಕ್ಕದ್ದು. ಕಟ್ಟಳೆಯಿರುವಲ್ಲಿ ಸ್ಟ್ರೈಕರನ್ನು ಎದುರಿನ ಚೌಕಟ್ಟಿಗೆ ತಾಗಿಸಿ ಮರಳಿಸಿಯೇ ಆ ಕಾಯಿಯನ್ನು ಮುಟ್ಟಬೇಕು.

ಇಲ್ಲಿ ಮೊದಲು ಮಾಡಬೇಕಾದದ್ದು ಹೊಡೆತವಲ್ಲ, ನಿರ್ಧಾರ. ಎದುರಿನಿಂದ ಮರಳುವ ಸ್ಟ್ರೈಕರ್ ಬಹುಮಟ್ಟಿಗೆ ಮೇಲಿನಿಂದ ಕೆಳಕ್ಕೆ, ಅಲ್ಪವೇ ಓರೆಯಾಗಿ ಇಳಿಯುತ್ತದೆ. ಆದ್ದರಿಂದ ಕಾಯಿಯು ನಿಮ್ಮ ಪಾಕೆಟ್ಟಿನ ಕಡೆಗೆ ತೋರುವ ಬಾಣದ ಗುರುತಿನ ಮೇಲೆ ಅಥವಾ ಅದರ ಆಸುಪಾಸಿನಲ್ಲಿದ್ದರೆ ಅದನ್ನು ಪಾಕೆಟ್ಟಿಗಿಳಿಸುವುದು ಸುಸಾಧ್ಯ. ಅದೇ ಕಾಯಿಯು ನಿಮ್ಮ ಚೌಕಟ್ಟಿನ ಮಗ್ಗುಲಲ್ಲಿ, ಪಾಕೆಟ್ಟಿನಿಂದ ದೂರವಾಗಿ ನಡುವೆಲ್ಲೋ ನಿಂತಿದ್ದರೆ, ಕೆಳಕ್ಕಿಳಿಯುವ ಸ್ಟ್ರೈಕರ್ ಅದನ್ನು ಅಡ್ಡಲಾಗಿ ತಳ್ಳಬೇಕಾಗುತ್ತದೆ; ಅಂತಹ ಕಟ್ ನೂಲಿನಷ್ಟು ತೆಳುವಾದುದು. ಅದಕ್ಕೆ ಆಶೆಪಡುವುದು ಅವಿವೇಕ. ಆ ಕಾಯಿಯ ಒಂದು ಮಗ್ಗುಲಿಗೆ ಹೊಡೆದು, ಅದು ನಿಮ್ಮ ಚೌಕಟ್ಟಿಗೆ ಓರೆಯಾಗಿ ತಾಗಿ ಹಲಗೆಯ ನಡುವಿಗೆ ಹೊರಬರುವಂತೆ ಮಾಡಿ, ಮುಂದಿನ ಸರದಿಗೆ ಕಾಯುವುದೇ ಜಾಣತನ.

ಬಾಣದ ಗುರುತಿನ ಮೇಲಿರುವ ಕಾಯಿಗೆ ಕ್ರಮ ಹೀಗೆ:

1. ಕಾಯಿಯು ನಿಮ್ಮ ಎಡಗಡೆಯ ಮೂಲೆಯಲ್ಲಿ ಎರಡು ಚೌಕಟ್ಟುಗಳಿಂದಲೂ ಸುಮಾರು 9 ಸೆಂ.ಮೀ. ದೂರದಲ್ಲಿದೆಯೆಂದಿಟ್ಟುಕೊಳ್ಳಿ. ಸ್ಟ್ರೈಕರನ್ನು ಗೆರೆಯ ಬಲತುದಿಯ ವೃತ್ತದಲ್ಲಿರಿಸಿ.

2. ಸ್ಟ್ರೈಕರ್ ಕಾಯಿಯನ್ನು ಮುಟ್ಟುವ ಕ್ಷಣದಲ್ಲಿ ಅದರ ಕೇಂದ್ರವು ಎಲ್ಲಿರಬೇಕೆಂಬುದನ್ನು ಗುರುತಿಸಿ. ಎರಡರ ಕೇಂದ್ರಗಳ ನಡುವಣ ಅಂತರ ಸುಮಾರು 3.6 ಸೆಂ.ಮೀ.; ಅದು ಪಾಕೆಟ್ಟಿನಿಂದ ಕಾಯಿಯ ಮೂಲಕ ಎಳೆದ ರೇಖೆಯ ಮೇಲೆ, ಪಾಕೆಟ್ಟಿಗೆ ವಿರುದ್ಧ ದಿಕ್ಕಿನಲ್ಲಿರಬೇಕು. ಗುರಿಯೆಂದರೆ ಈ ಸ್ಥಾನವೇ ಹೊರತು ಕಾಯಿಯಲ್ಲ.

3. ಈ ಸ್ಥಾನವೂ ಸ್ಟ್ರೈಕರ್ ಹೊರಟ ಸ್ಥಾನವೂ ಎದುರಿನ ಚೌಕಟ್ಟಿನಿಂದ ಬಹುತೇಕ ಸಮಾನ ದೂರದಲ್ಲಿರುವುದರಿಂದ, ತಾಗಬೇಕಾದ ಬಿಂದು ಅವೆರಡರ ಅಡ್ಡದೂರದ ಸರಿಯರ್ಧದಲ್ಲಿ ಬರುತ್ತದೆ. ಅಂದರೆ ಎದುರಿನ ಚೌಕಟ್ಟಿನ ಮಧ್ಯಕ್ಕಿಂತ ಒಂದೂವರೆ ಸೆಂ.ಮೀ.ಯಷ್ಟು ಎಡಕ್ಕೆ.

4. ಮಧ್ಯಮ ವೇಗದಲ್ಲಿ ಹೊಡೆಯಿರಿ. ಕಾಯಿಯು ಪಾಕೆಟ್ಟಿನ ಕಡೆಗೆ ಸಾಗುವಾಗ ಸ್ಟ್ರೈಕರ್ ಬಹುತೇಕ ನೇರವಾಗಿ ನಿಮ್ಮ ಚೌಕಟ್ಟಿಗೆ ಇಳಿದು ಮೇಲಕ್ಕೆ ಪುಟಿಯುತ್ತದೆ. ಆದ್ದರಿಂದ ಅದೂ ಪಾಕೆಟ್ಟಿಗೆ ಬಿದ್ದು ಫೌಲ್ ಆಗುವ ಭಯ ಕಡಿಮೆ. ಸ್ಟ್ರೈಕರ್ ಇನ್ನೂ ಓರೆಯಾಗಿ ಬಂದು ಕಾಯಿಗೆ ಪೂರ್ಣವಾಗಿ ತಾಗುವಂತಿದ್ದರೆ ಅದು ಕಾಯಿಯನ್ನೇ ಹಿಂಬಾಲಿಸಿ ಪಾಕೆಟ್ಟಿಗಿಳಿಯುವ ಸಂಭವವುಂಟು. ಅದನ್ನು ಮುನ್ನವೇ ಯೋಚಿಸತಕ್ಕದ್ದು.

ಕಾಯಿಯು ಇನ್ನೂ ಹಿಂದೆ, ಚೌಕಟ್ಟಿಗೆ ಸಮೀಪವಾಗಿದ್ದರೆ ಮರಳುವ ದಾರಿ ಹೋಗುವ ದಾರಿಗಿಂತ ಉದ್ದವಾಗುತ್ತದೆ. ಆಗ ತಾಗುವ ಬಿಂದುವನ್ನು ಅರ್ಧಕ್ಕಿಂತ ಸ್ವಲ್ಪ ಸ್ಟ್ರೈಕರಿನ ಕಡೆಗೆ ಸರಿಸಿಕೊಳ್ಳಬೇಕು.

ಚೌಕಟ್ಟಿಗೆ ಅಂಟಿಕೊಂಡೇ ನಿಂತ ಕಾಯಿಯ ವಿಚಾರವೇ ಬೇರೆ. ಅದಕ್ಕೂ ಚೌಕಟ್ಟಿಗೂ ನಡುವೆ ಅಂತರವೇ ಇಲ್ಲದ್ದರಿಂದ ಡಬಲ್‌ನ ಲೆಕ್ಕ ಅಲ್ಲಿ ನಡೆಯದು. ಸ್ಟ್ರೈಕರಿನ ಅಂಚು ಚೌಕಟ್ಟನ್ನೂ ಕಾಯಿಯನ್ನೂ ಏಕಕಾಲದಲ್ಲಿ ಮುಟ್ಟುವಂತೆ, ತಪ್ಪಿದರೆ ಚೌಕಟ್ಟನ್ನೇ ಒಂದು ಕ್ಷಣ ಮೊದಲು ಮುಟ್ಟುವಂತೆ ಮೆಲ್ಲನೆ ಹೊಡೆದರೆ, ಕಾಯಿಯು ಚೌಕಟ್ಟಿನ ಉದ್ದಕ್ಕೂ ಜಾರಿ ಪಾಕೆಟ್ಟನ್ನು ಸೇರುತ್ತದೆ.

ಎರಡು ಚೌಕಟ್ಟುಗಳಿಗೆ ತಾಗಿಸುವ ಹೊಡೆತವನ್ನು ನಾನು ಅನಿವಾರ್ಯವಾದಾಗ ಮಾತ್ರ ಶಿಫಾರಸು ಮಾಡುತ್ತೇನೆ. ಆದರೂ ಒಂದು ಸಂಗತಿಯನ್ನು ತಿಳಿದಿರುವುದೊಳಿತು: ಮೂಲೆಯ ಎರಡು ಚೌಕಟ್ಟುಗಳಿಗೆ ಒಂದರ ಅನಂತರ ಒಂದಾಗಿ ತಾಗಿದ ಸ್ಟ್ರೈಕರ್, ತಾನು ಹೊರಟ ದಿಕ್ಕಿಗೆ ಸಮಾಂತರವಾದ ದಾರಿಯಲ್ಲಿಯೇ ಮರಳುತ್ತದೆ.

ವೇಗದ ವಿಚಾರ

ರಿಬೌಂಡ್ ಎಂದೊಡನೆ ಬಲವನ್ನು ಹೆಚ್ಚಿಸುವುದು ಸಾರ್ವತ್ರಿಕ ದೋಷ. ಜಾರುವ ಕಾಯಿ ಕ್ರಮಿಸುವ ದೂರವು ಅದರ ಆರಂಭವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಂದರೆ ದೂರವು ಎರಡು ಪಟ್ಟಾದರೆ ವೇಗವು ಎರಡು ಪಟ್ಟಾಗಬೇಕಾಗಿಲ್ಲ, ಸುಮಾರು 1.4 ಪಟ್ಟು ಸಾಕು. ಚೌಕಟ್ಟಿನಲ್ಲಿ ನಷ್ಟವಾಗುವ ವೇಗಕ್ಕೆ ಇನ್ನು ಸ್ವಲ್ಪ ಸೇರಿಸಿಕೊಂಡರೂ, ನೀವು ಸಾಮಾನ್ಯವಾಗಿ ಪ್ರಯೋಗಿಸುವ ಬಲಕ್ಕಿಂತ ಅದು ಬಹಳ ಕಡಿಮೆ. ಮೇಲಿನ ಡಬಲ್ ಉದಾಹರಣೆಯಲ್ಲಿ ಕಾಯಿಯು ಸಾಗುವ ಒಟ್ಟು ದಾರಿ ಒಂದು ಮೀಟರಿಗೂ ತುಸು ಕಡಿಮೆ. ಪಾಕೆಟ್ಟನ್ನು ಮುಟ್ಟುವಾಗ ವೇಗವು ಬಹುತೇಕ ಮುಗಿದಿರುವ ಕಾಯಿ ಅಂಚಿಗೆ ತಾಗಿದರೂ ಒಳಗಿಳಿಯುತ್ತದೆ. ಅತಿವೇಗದಿಂದ ಬಂದದ್ದು ಮೂಲೆಯ ಚೌಕಟ್ಟಿಗೆ ಬಡಿದು ಹೊರಹಾರುತ್ತದೆ. ಅಲ್ಲದೆ ನೀವು ಪರೀಕ್ಷೆಯಲ್ಲಿ ಅಳೆದ ಕೋನವು ಒಂದು ನಿರ್ದಿಷ್ಟ ವೇಗಕ್ಕೆ ಮಾತ್ರ ಸಲ್ಲುವಂಥದು. ವೇಗ ಬದಲಾದರೆ ಕೋನವೂ ಬದಲಾಗಬಹುದು. ರಿಬೌಂಡ್‌ಗಳೆಲ್ಲಕ್ಕೂ ಒಂದೇ ಮಧ್ಯಮ ವೇಗವನ್ನು ರೂಢಿಸಿಕೊಂಡವನು ಅರ್ಧದಷ್ಟು ಅನಿಶ್ಚಯವನ್ನು ಆಗಲೇ ಕಳೆದುಕೊಂಡಿರುತ್ತಾನೆ.

ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು

ಹೊಡೆಯುವ ಕ್ಷಣದಲ್ಲಿ ದೃಷ್ಟಿಯನ್ನು ಚೌಕಟ್ಟಿನ ಮೇಲಿಡುವುದು. ಚೌಕಟ್ಟಿನ ಲೆಕ್ಕವನ್ನು ಮೊದಲೇ ಮುಗಿಸಿ, ಡಬಲ್‌ನಲ್ಲಿ ಕಾಯಿಯ ಯಾವ ಬಿಂದುವಿಗೆ ಸ್ಟ್ರೈಕರ್ ತಾಗಬೇಕೋ ಆ ಬಿಂದುವನ್ನೇ ನೋಡತಕ್ಕದ್ದು. ಸ್ಟ್ರೈಕರನ್ನೇ ಮರಳಿಸುವ ಹೊಡೆತದಲ್ಲಿ ಮಾತ್ರ ಚೌಕಟ್ಟಿನ ಬಿಂದುವನ್ನು ನೋಡುವುದು ಯುಕ್ತ.

ಸ್ಟ್ರೈಕರಿಗೆ ತಿರುಗಣೆ ಕೊಡುವುದು. ಬೆರಳು ಸ್ಟ್ರೈಕರಿನ ಮಧ್ಯಕ್ಕೆ ತಾಗದೆ ಅಂಚನ್ನು ಸವರಿದರೆ ಅದು ಬುಗುರಿಯಂತೆ ತಿರುಗುತ್ತ ಹೋಗುತ್ತದೆ. ನೇರ ಹೊಡೆತದಲ್ಲಿ ಈ ದೋಷ ಅಡಗಿರುತ್ತದೆ. ಚೌಕಟ್ಟಿಗೆ ತಾಗಿದೊಡನೆ ತಿರುಗಣೆಯು ಅದನ್ನು ಒಂದು ಮಗ್ಗುಲಿಗೆ ಎಸೆಯುತ್ತದೆ. ಸ್ಟ್ರೈಕರಿನ ಮೇಲಿನ ಚಿತ್ರ ಅಥವಾ ಗುರುತನ್ನು ಗಮನಿಸಿದರೆ ತಿರುಗುತ್ತಿದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ.

ನೇರದಾರಿಯಿದ್ದರೂ ರಿಬೌಂಡ್‌ಗೆ ಮನಸೋಲುವುದು. ಮೆಚ್ಚುಗೆಯ ಮಾತಿಗಾಗಿ ಹೊಡೆದ ಡಬಲ್‌ನಿಂದ ಬೋರ್ಡನ್ನೇ ಕಳೆದುಕೊಂಡವರು ಅನೇಕರು. ನೇರವಾಗಿ ಅಥವಾ ಕಟ್‌ನಿಂದ ಸಾಧ್ಯವಾದದ್ದನ್ನು ಚೌಕಟ್ಟಿನಿಂದ ಸಾಧಿಸಹೊರಡಬಾರದು.

ಎಚ್ಚರಿಕೆಗಳು

ಬೋರಿಕ್ ಪೌಡರ್ ಹೊಟ್ಟೆಗೆ ಹೋದರೆ ವಿಷಕಾರಿ. ಎಳೆಯ ಮಕ್ಕಳ ಕೈಗೆ ಸಿಗದಂತೆ ಇರಿಸಿ, ಆಡುವಾಗ ತಿಂಡಿ ತಿನ್ನದೆ, ಆಟ ಮುಗಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಪುಡಿಯನ್ನು ಬಾಯಿಯಿಂದ ಊದಿ ಹರಡಬಾರದು. ಅದರ ಬದಲಾಗಿ ಮೈದಾಹಿಟ್ಟನ್ನು ಬಳಸುವ ಪದ್ಧತಿ ಅಲ್ಲಲ್ಲಿ ಉಂಟು. ಅದು ತೇವವನ್ನು ಹೀರಿ ಅಂಟಾಗಿ, ಇರುವೆಗಳನ್ನೂ ಕರೆತಂದು ಹಲಗೆಯನ್ನು ಹಾಳುಮಾಡುತ್ತದೆ. ಚೌಕಟ್ಟಿಗೆ ಎಣ್ಣೆ ಸವರುವುದಂತೂ ಸರ್ವಥಾ ಕೂಡದು.

ಮಳೆಗಾಲದಲ್ಲಿ ಪ್ಲೈವುಡ್ ತೇವವನ್ನು ಹೀರಿ ಉಬ್ಬುತ್ತದೆ. ಮಾಗಡಿ, ಕನಕಪುರಗಳ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗೆ ಹಲಗೆಯನ್ನು ತಿಂಗಳುಗಟ್ಟಲೆ ಒರಗಿಸಿಡುವವರು, ಗೋಡೆಗೂ ಹಲಗೆಗೂ ನಡುವೆ ಗಾಳಿಯಾಡುವಂತೆ ಮಾಡಿ, ಸಾಧ್ಯವಾದರೆ ಸಮತಟ್ಟಾಗಿ ಮಲಗಿಸಿಡುವುದು ಲೇಸು. ಒಮ್ಮೆ ಬಾಗಿದ ಹಲಗೆಯ ಮೇಲೆ ರಿಬೌಂಡ್‌ನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಉಗುರಿನಿಂದಲೇ ಹೊಡೆಯುವ ಅಭ್ಯಾಸವಿರುವವರು ದೀರ್ಘಕಾಲ ಒಂದೇ ಬೆರಳಿನಿಂದ ಸಾಧನೆ ಮಾಡಿದರೆ ಉಗುರಿನ ಬುಡ ನೋಯುತ್ತದೆ. ನೋವು ಆರಂಭವಾದೊಡನೆ ನಿಲ್ಲಿಸತಕ್ಕದ್ದು. ನೋಯುವ ಬೆರಳು ಅರಿವಿಲ್ಲದೆಯೇ ಸ್ಟ್ರೈಕರಿನ ಅಂಚಿಗೆ ಸರಿಯುತ್ತದೆ, ಆ ತಪ್ಪೇ ಅಭ್ಯಾಸವಾಗುತ್ತದೆ.

ಪೂಲ್ ಮೇಜಿನ ಮುಂದೆ ನಿಲ್ಲುವವರಿಗೆ

ವ್ಯಾಸಂಗಕ್ಕಾಗಿಯೋ ಉದ್ಯೋಗಕ್ಕಾಗಿಯೋ ಈ ಊರುಗಳಿಂದ ಬೆಂಗಳೂರಿಗೆ ಹೋದ ತರುಣರಲ್ಲಿ ಪೂಲ್, ಸ್ನೂಕರ್‌ಗಳ ಅಭಿರುಚಿ ಹತ್ತಿಸಿಕೊಂಡವರಿಗಾಗಿ ನಾಲ್ಕು ಮಾತು. ಸ್ನೂಕರ್ ಆಟವೇ 1875ರಲ್ಲಿ ಜಬಲ್ಪುರದ ಸೇನಾಧಿಕಾರಿಗಳ ನಡುವೆ ಜನ್ಮತಾಳಿದುದೆನ್ನುತ್ತಾರೆ; ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಆಡ್ವಾಣಿ 2003ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನು ಗೆದ್ದು ಆ ಪರಂಪರೆಯನ್ನು ಮುಂದುವರಿಸಿದರು. ಕೇರಂನಲ್ಲಿ ಕಲಿತ ಕನ್ನಡಿಯ ಲೆಕ್ಕ ಪೂಲ್‌ನ ಬ್ಯಾಂಕ್ ಹೊಡೆತಕ್ಕೂ ಮೂಲಾಧಾರವೇ ಆದರೂ ಮೂರು ತಿದ್ದುಪಡಿಗಳು ಅವಶ್ಯ.

ಮೊದಲನೆಯದಾಗಿ, ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ.; ಆದ್ದರಿಂದ ಕನ್ನಡಿರೇಖೆಯು ಕುಷನ್ನಿನ ಅಂಚಿನಿಂದ ಸುಮಾರು 2.9 ಸೆಂ.ಮೀ. ಒಳಗಿರುತ್ತದೆ. ಎರಡನೆಯದಾಗಿ, ಮೆಲ್ಲನೆ ಉರುಳುತ್ತ ಬಂದ ಚೆಂಡು ಕನ್ನಡಿಯ ನಿಯಮಕ್ಕಿಂತ ಅಗಲವಾಗಿ ಮರಳುತ್ತದೆ. ಬಲವಾಗಿ ಬಂದದ್ದು ರಬ್ಬರಿನೊಳಕ್ಕೆ ಆಳವಾಗಿ ಹೊಕ್ಕು, ಉರುಳುವಿಕೆಯನ್ನು ಆರಂಭಿಸುವ ಮುನ್ನವೇ ತಿರುಗಿ, ಕಿರಿದಾದ ಕೋನದಲ್ಲಿ ಮರಳುತ್ತದೆ. ಕೇರಂನಲ್ಲಿ ಹಲಗೆಯಿಂದ ಹಲಗೆಗೆ ಬದಲಾಗುವ ಈ ಭೇದವು ಪೂಲ್‌ನಲ್ಲಿ ಪ್ರತಿಯೊಂದು ಮೇಜಿನ ಮೇಲೂ ನಿಶ್ಚಿತವಾಗಿ ಕಾಣುತ್ತದೆ. ಮೂರನೆಯದಾಗಿ, ಕಟ್ ಮಾಡಿದ ಚೆಂಡಿಗೆ ಹೊಡೆದ ಚೆಂಡಿನಿಂದ ಸ್ವಲ್ಪ ತಿರುಗಣೆ ಬಂದಿರುತ್ತದೆ, ರಬ್ಬರ್ ಅದನ್ನು ಹಿಡಿದುಕೊಂಡು ಕೋನವನ್ನು ಬದಲಿಸುತ್ತದೆ. ಆದಕಾರಣ ಕಲಿಯುವ ದಿನಗಳಲ್ಲಿ ಆದಷ್ಟು ಪೂರ್ಣವಾಗಿ ಹೊಡೆಯಬಹುದಾದ ಬ್ಯಾಂಕ್‌ಗಳನ್ನೇ ಆರಿಸಿಕೊಳ್ಳಿ. ಮೇಜಿನ ಅಂಚಿನಲ್ಲಿರುವ ವಜ್ರಾಕಾರದ ಗುರುತುಗಳು ಅಳತೆಗಾಗಿಯೇ ಇರುವಂಥವು. ಒಂಬತ್ತು ಅಡಿಯ ಮೇಜಿನಲ್ಲಿ ಅವು ಹನ್ನೆರಡೂವರೆ ಅಂಗುಲಕ್ಕೊಂದರಂತೆ ಬರುತ್ತವೆ. ಕೇರಂನಲ್ಲಿ ಕಾಯಿಗಳಿಂದ ಎಣಿಸಿದ ಪ್ರಮಾಣವನ್ನು ಇಲ್ಲಿ ಆ ಗುರುತುಗಳಿಂದ ಎಣಿಸಿರಿ.

ಅಭ್ಯಾಸಕ್ಕೆ ಕೂತಾಗ ಒಂದು ದಿನಕ್ಕೆ ಒಂದೇ ಸ್ಥಿತಿಯನ್ನು ತೆಗೆದುಕೊಳ್ಳಿ. ಕಾಯಿಯಿರುವ ಸ್ಥಳವನ್ನು ಸೀಮೆಸುಣ್ಣದಿಂದ ಮೆಲ್ಲನೆ ಗುರುತಿಸಿ, ಪ್ರತಿಬಾರಿಯೂ ಅಲ್ಲಿಯೇ ಇರಿಸಿ, ಕಾಯಿ ಬಿದ್ದಿತೋ ಇಲ್ಲವೋ ಎಂಬುದಕ್ಕಿಂತ ಯಾವ ಕಡೆಗೆ ಎಷ್ಟು ತಪ್ಪಿತೆಂಬುದನ್ನು ಬರೆದಿಡಿ. ಸತತವಾಗಿ ಒಂದೇ ಕಡೆಗೆ ತಪ್ಪುತ್ತಿದ್ದರೆ ದೋಷವು ಲೆಕ್ಕದಲ್ಲಿ ಅಥವಾ ಹಲಗೆಯಲ್ಲಿದೆ. ತಾಗುವ ಬಿಂದುವನ್ನು ಅರ್ಧ ಬೆರಳಿನಷ್ಟು ಸರಿಸಿ ಪುನಃ ಹೊಡೆಯಿರಿ. ಎರಡೂ ಕಡೆಗೆ ಚದುರುತ್ತಿದ್ದರೆ ದೋಷವು ಬೆರಳಿನಲ್ಲಿದೆ; ಆಗ ರಿಬೌಂಡನ್ನು ಅಷ್ಟಕ್ಕೆ ಬಿಟ್ಟು, ಮೇಲೆ ಹೇಳಿದ ನೇರಪರೀಕ್ಷೆಗೆ ಮರಳಿ, ಸ್ಟ್ರೈಕರ್ ಹೋದ ದಾರಿಯಲ್ಲಿಯೇ ಮರಳುವವರೆಗೂ ಕೈಯನ್ನು ಪಳಗಿಸಿರಿ.